ನೋವು ನಿಂತ ಮೇಲೂ ಉಳಿಯುವ ಕೆಲಸ: ರೂಟ್ ಕೆನಾಲ್ ಮತ್ತು ಹಾಳಾದ ಹಲ್ಲನ್ನು ಉಳಿಸಿಕೊಳ್ಳುವ ಬಗೆ

ರೂಟ್ ಕೆನಾಲ್ ಮಾಡಿಸಿಕೊಂಡ ಹಲ್ಲನ್ನು ಕೆಲವೇ ವರ್ಷಗಳಲ್ಲಿ ಕೀಳಿಸಬೇಕಾಗಿ ಬಂದವರು ಸಾಮಾನ್ಯವಾಗಿ ಆ ಚಿಕಿತ್ಸೆಯನ್ನೇ ದೂರುತ್ತಾರೆ. ವಿಚಾರಿಸಿ ನೋಡಿದರೆ ಅಂತಹ ಎಷ್ಟೋ ಹಲ್ಲುಗಳ ಬೇರಿನ ಕೆಲಸ ಸರಿಯಾಗಿಯೇ ನಡೆದಿರುತ್ತದೆ; ಮೇಲೆ ಕ್ಯಾಪ್, ಅಂದರೆ ಹಲ್ಲನ್ನು ಸುತ್ತಲೂ ಮುಚ್ಚುವ ಗಟ್ಟಿ ಹೊದಿಕೆ, ಹಾಕಿಸುವುದನ್ನು ಮುಂದೂಡುತ್ತ ಬಂದು, ಒಂದು ದಿನ ಗಟ್ಟಿಯಾದದ್ದೇನನ್ನೋ ಕಚ್ಚಿದಾಗ ಹಲ್ಲು ಬುಡದವರೆಗೆ ಸೀಳಿರುತ್ತದೆ. ನೋವು ನಿಂತಿತ್ತು ಎಂಬುದೇ ಮುಂದೂಡಿದ್ದಕ್ಕೆ ಕಾರಣ. ಹಲ್ಲಿನ ವಿಷಯದಲ್ಲಿ ನೋವು ನಿಲ್ಲುವುದಕ್ಕೂ ರೋಗ ವಾಸಿಯಾಗುವುದಕ್ಕೂ ಇರುವ ನಂಟು ಬಹಳ ಸಡಿಲವಾದದ್ದು. ನೋವು ಶುರುವಾದ ರಾತ್ರಿಯಿಂದ ಹಿಡಿದು ಕ್ಯಾಪ್ ಕೂತು ಒಂದು ವರ್ಷ ಕಳೆಯುವವರೆಗೆ ರೋಗಿ ಏನೇನು ಮಾಡಬೇಕು, ಯಾವ ಹಂತದಲ್ಲಿ ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಹಲ್ಲಿನ ಒಳಗೆ ನಡೆಯುವುದೇನು

ಹಲ್ಲಿನ ಹೊರಪದರವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದ ಲೆಕ್ಕದಲ್ಲಿ ಅದರ ಸುಮಾರು ಶೇ. 96ರಷ್ಟು ಭಾಗ ಖನಿಜವೇ. ಅದರಡಿಯ ಡೆಂಟಿನ್‌ನಲ್ಲಿ ಖನಿಜದ ಪಾಲು ಸುಮಾರು ಶೇ. 70, ಮತ್ತು ಅದರ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿರುತ್ತವೆ. ಇವೆರಡರ ಒಳಗೆ, ಹಲ್ಲಿನ ನಟ್ಟನಡುವಿನ ಟೊಳ್ಳಿನಲ್ಲಿ, ನರ ಮತ್ತು ರಕ್ತನಾಳಗಳಿಂದ ಕೂಡಿದ ಮೆತ್ತನೆಯ ತಿರುಳು ಇರುತ್ತದೆ. ದಂತವೈದ್ಯರು ಪಲ್ಪ್ ಎಂದು ಕರೆಯುವ ಈ ತಿರುಳು ಬೇರಿನೊಳಗಿನ ಕಿರುಗಾಲುವೆಗಳಲ್ಲಿ ಇಳಿದು, ಬೇರಿನ ತುದಿಯಲ್ಲಿರುವ ಸಣ್ಣ ರಂಧ್ರದ ಮೂಲಕ ದವಡೆಯ ರಕ್ತನಾಳಗಳನ್ನು ಕೂಡಿಕೊಳ್ಳುತ್ತದೆ. ಆ ಕಾಲುವೆಯ ಹೆಸರೇ ರೂಟ್ ಕೆನಾಲ್; ಅದರೊಳಗಿನ ತಿರುಳನ್ನು ತೆಗೆದು, ಶುಚಿಗೊಳಿಸಿ, ತುಂಬುವ ಚಿಕಿತ್ಸೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ.

ಮೈಯ ಬೇರೆ ಕಡೆ ಉರಿಯೂತವಾದರೆ ಆ ಭಾಗ ಊದಿಕೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ಹಲ್ಲಿನ ತಿರುಳಿಗೆ ಗಟ್ಟಿ ಗೋಡೆಗಳ ನಡುವೆ ಊದಲು ಜಾಗವೇ ಇಲ್ಲ. ಹುಳುಕು ಆಳಕ್ಕಿಳಿದು ಸೂಕ್ಷ್ಮಾಣುಗಳು ಹತ್ತಿರವಾದಂತೆ ಒಳಗಿನ ಒತ್ತಡ ಏರುತ್ತದೆ, ನರ ಕೆರಳುತ್ತದೆ, ರಕ್ತಸಂಚಾರ ಕುಗ್ಗುತ್ತದೆ, ಕೊನೆಗೆ ತಿರುಳು ಸಾಯುತ್ತದೆ. ಇದಕ್ಕೆಲ್ಲ ಸೂಕ್ಷ್ಮಾಣುಗಳೇ ಮೂಲ ಎಂಬುದನ್ನು 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸೂಕ್ಷ್ಮಾಣುಗಳೇ ಇಲ್ಲದ ಪರಿಸರದಲ್ಲಿ ಸಾಕಿದ ಇಲಿಗಳಲ್ಲಿ ತಿರುಳನ್ನು ತೆರೆದಿಟ್ಟರೂ ಅದು ಸಾಯದೆ, ಮೇಲೆ ಹೊಸ ಡೆಂಟಿನ್ ಕಟ್ಟಿಕೊಂಡಿತು; ಸಾಮಾನ್ಯ ಇಲಿಗಳಲ್ಲಿ ಅದೇ ತಿರುಳು ಕೊಳೆತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ಮುಂದೆ ಹೇಳುವ ಪ್ರತಿಯೊಂದು ಹಂತವನ್ನೂ, ಕ್ಯಾಪ್ ಸೇರಿದಂತೆ, ಈ ಒಂದು ಸಂಗತಿಯಿಂದ ಅರ್ಥ ಮಾಡಿಕೊಳ್ಳಬಹುದು: ಒಳಗಿರುವ ಸೂಕ್ಷ್ಮಾಣುಗಳನ್ನು ಹೊರಹಾಕಬೇಕು, ಮತ್ತೆ ಬರದಂತೆ ಮುಚ್ಚಬೇಕು.

ಮೊದಲ ಹೆಜ್ಜೆ: ನೋವಿನ ಸ್ವಭಾವವನ್ನು ಗುರುತಿಸಿ

ತಣ್ಣೀರು ತಾಗಿದಾಗ ಹಲ್ಲು ಜುಮ್ಮೆಂದು, ನೀರು ನುಂಗಿದ ಕೆಲವೇ ಕ್ಷಣಗಳಲ್ಲಿ ಸರಿಹೋದರೆ ತಿರುಳು ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಎಂದು ಆಶಿಸಬಹುದು. ಈ ಹಂತದಲ್ಲಿ ಹುಳುಕನ್ನು ತೆಗೆದು ಹಲ್ಲು ತುಂಬಿಸಿದರೆ ಸಾಕಾಗುವುದುಂಟು. ಅದೇ ನೋವು ತಣ್ಣೀರು ಹೋದ ಮೇಲೂ ನಿಮಿಷಗಟ್ಟಲೆ ಉಳಿದರೆ, ಏನೂ ತಾಗದೆ ತಾನಾಗಿಯೇ ಎದ್ದರೆ, ಬಿಸಿ ತಾಗಿದಾಗ ಮಿಡಿದರೆ, ಮಲಗಿದಾಗ ಹೆಚ್ಚಾಗಿ ನಿದ್ದೆಯಿಂದ ಎಬ್ಬಿಸಿದರೆ, ತಿರುಳು ಮರಳಿ ಬಾರದ ಸ್ಥಿತಿಗೆ ತಲುಪಿದೆ ಎಂದೇ ಅನುಮಾನಿಸಬೇಕು. ತಲೆ ತಗ್ಗಿನಲ್ಲಿರುವಾಗ ಅತ್ತ ರಕ್ತದ ಒತ್ತಡ ಹೆಚ್ಚುವುದರಿಂದ ಹಲ್ಲುನೋವು ರಾತ್ರಿಯ ಹೊತ್ತು ಅಷ್ಟೊಂದು ಕಾಡುತ್ತದೆ.

ಇದಾದ ನಂತರದ ಘಟ್ಟದಲ್ಲಿ ಜನ ಅತ್ಯಂತ ಹೆಚ್ಚು ಮೋಸ ಹೋಗುತ್ತಾರೆ. ಮೂರು ದಿನ ಕಾಡಿದ ನೋವು ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ತಣ್ಣೀರು ಕುಡಿದರೂ ಏನೂ ಆಗುವುದಿಲ್ಲ. ನರ ಸತ್ತಿದೆ ಎಂಬುದೇ ಇದರ ಅರ್ಥ. ಸತ್ತ ತಿರುಳಿನಲ್ಲಿ ಸೂಕ್ಷ್ಮಾಣುಗಳು ನಿರಾತಂಕವಾಗಿ ಬೆಳೆದು ಬೇರಿನ ತುದಿಯಿಂದ ಮೂಳೆಯೊಳಕ್ಕೆ ಹರಡುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಚ್ಚಿದಾಗ ನೋವು, ಹಲ್ಲು ಉಳಿದವುಗಳಿಗಿಂತ ಎತ್ತರವಾದಂತಹ ಭಾವನೆ, ವಸಡಿನ ಮೇಲೆ ಒಡೆದು ಕೀವು ಸೋರಿ ಮತ್ತೆ ಮುಚ್ಚಿಕೊಳ್ಳುವ ಸಣ್ಣ ಗುಳ್ಳೆ ಇವುಗಳಲ್ಲಿ ಯಾವುದಾದರೊಂದು ಕಾಣಿಸಿಕೊಳ್ಳಬಹುದು. ಗುಳ್ಳೆಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಕೀವು ಹೊರಬರಲು ದಾರಿ ಸಿಕ್ಕಿರುವುದೇ ಅದಕ್ಕೆ ಕಾರಣ.

ಮುಖ ಅಥವಾ ಕುತ್ತಿಗೆ ಊದಿಕೊಂಡು ಜೊತೆಗೆ ಜ್ವರವಿದ್ದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ದಂತವೈದ್ಯರ ಭೇಟಿಯ ದಿನಕ್ಕಾಗಿ ಕಾಯಬಾರದು. ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೆಳದವಡೆಯ ಹಲ್ಲಿನ ಸೋಂಕು ನಾಲಿಗೆಯಡಿಯ ಭಾಗಕ್ಕೆ ಹರಡಿದರೆ ಉಸಿರಿನ ದಾರಿಯೇ ಮುಚ್ಚಿಹೋಗುವ ಅಪಾಯವಿದೆ.

ಎರಡನೆಯ ಹೆಜ್ಜೆ: ವೈದ್ಯರ ಬಳಿ ಹೋಗುವವರೆಗೆ

ಉರಿಯೂತ ತಗ್ಗಿಸುವ ಐಬುಪ್ರೊಫೇನ್ ಹಾಗೂ ನೋವು ತಗ್ಗಿಸುವ ಪ್ಯಾರಾಸಿಟಮಾಲ್ ಹಲ್ಲುನೋವಿಗೆ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಮೂತ್ರಪಿಂಡದ ತೊಂದರೆ, ಜಠರದ ಹುಣ್ಣು, ಆಸ್ತಮಾ ಇರುವವರು, ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು ಐಬುಪ್ರೊಫೇನ್ ಬಗ್ಗೆ ಮೊದಲು ವೈದ್ಯರನ್ನು ಕೇಳಬೇಕು. ನೋವಿರುವ ಜಾಗದಲ್ಲಿ ಆಸ್ಪಿರಿನ್ ಮಾತ್ರೆಯನ್ನು ಇಟ್ಟುಕೊಳ್ಳುವ ರೂಢಿ ಕೆಲವರಿಗಿದೆ. ಅದರಿಂದ ವಸಡು ಸುಟ್ಟು ಬೆಳ್ಳಗಾಗುತ್ತದೆಯೇ ಹೊರತು ಹಲ್ಲಿಗೆ ಉಪಯೋಗವಿಲ್ಲ.

ಆಂಟಿಬಯಾಟಿಕ್ ಬಗ್ಗೆ ಖಚಿತವಾಗಿ ತಿಳಿದಿರಬೇಕು. ಉರಿಯೂತಗೊಂಡ ಅಥವಾ ಸತ್ತ ತಿರುಳಿಗೆ ರಕ್ತಸಂಚಾರ ಇಲ್ಲವೇ ಇಲ್ಲ, ಅಥವಾ ಇದ್ದೂ ಇಲ್ಲದಂತೆ. ಹಾಗಾಗಿ ನುಂಗಿದ ಮಾತ್ರೆ ಹಲ್ಲಿನ ಒಳಗೆ ತಲುಪುವುದೇ ಇಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ, ಆರೋಗ್ಯವಂತ ವಯಸ್ಕರಲ್ಲಿ ತಕ್ಷಣ ಹಲ್ಲಿನ ಚಿಕಿತ್ಸೆ ಲಭ್ಯವಿರುವಾಗ ಇಂತಹ ನೋವುಗಳಿಗೆ ಆಂಟಿಬಯಾಟಿಕ್ ಬೇಡ ಎಂದೇ ಹೇಳುತ್ತದೆ. ಜ್ವರ ಬಂದಾಗ, ಊತ ಹರಡುತ್ತಿರುವಾಗ ಅದು ಬೇಕಾಗುತ್ತದೆ, ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೆ. ಐದು ದಿನದ ಮಾತ್ರೆ ನುಂಗಿ, ನೋವು ಇಳಿಯಿತೆಂದು ಹಲ್ಲನ್ನು ಮರೆತವರು ಕೆಲವೇ ವಾರಗಳಲ್ಲಿ ಅದೇ ಕುರ್ಚಿಯ ಮೇಲೆ ಮತ್ತೆ ಕೂತಿರುತ್ತಾರೆ.

ಮೂರನೆಯ ಹೆಜ್ಜೆ: ಪರೀಕ್ಷೆ ಮತ್ತು ತೀರ್ಮಾನ

ಯಾವ ಹಲ್ಲು ನೋಯುತ್ತಿದೆ ಎಂಬುದನ್ನು ರೋಗಿಯೇ ತಪ್ಪಾಗಿ ಹೇಳುವುದು ಅಪರೂಪವೇನಲ್ಲ. ಕೆಳಹಲ್ಲಿನ ನೋವು ಮೇಲ್ದವಡೆಯಲ್ಲಿ, ಕಿವಿಯಲ್ಲಿ ಅನುಭವಕ್ಕೆ ಬರುತ್ತದೆ. ಆದ್ದರಿಂದ ವೈದ್ಯರು ಅನುಮಾನದ ಹಲ್ಲಿಗೂ ಅಕ್ಕಪಕ್ಕದ ಹಲ್ಲುಗಳಿಗೂ ತಂಪು ತಾಗಿಸಿ ಹೋಲಿಸಿ ನೋಡುತ್ತಾರೆ, ಉಪಕರಣದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರೆ, ವಸಡಿನ ಸುತ್ತ ಆಳ ಅಳೆಯುತ್ತಾರೆ, ಎಕ್ಸ್‌ರೇ ತೆಗೆಯುತ್ತಾರೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ: ಮೂಳೆಯ ಖನಿಜ ಗಣನೀಯ ಪ್ರಮಾಣದಲ್ಲಿ ಕರಗಿದ ಮೇಲಷ್ಟೇ ಬೇರಿನ ತುದಿಯಲ್ಲಿ ಕಪ್ಪು ನೆರಳು ಮೂಡುತ್ತದೆ. ತಂಪು ತಾಗಿಸಿ ನೋಡದೆ, ಬರೀ ಎಕ್ಸ್‌ರೇ ನೋಡಿ ತೀರ್ಮಾನ ಹೇಳಿದರೆ, ಬೇರೆ ಪರೀಕ್ಷೆಗಳನ್ನೂ ಮಾಡುವಂತೆ ಸೌಜನ್ಯದಿಂದಲೇ ಕೇಳಬಹುದು.

ಇನ್ನು ಮುಖ್ಯ ಪ್ರಶ್ನೆ. "ರೂಟ್ ಕೆನಾಲ್ ಮಾಡಬಹುದೇ" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು "ಮಾಡಿದ ಮೇಲೆ ಈ ಹಲ್ಲನ್ನು ಮತ್ತೆ ಕಟ್ಟಲು ಸಾಧ್ಯವೇ" ಎಂದು ಕೇಳಬೇಕು. ಹುಳುಕನ್ನೆಲ್ಲ ತೆಗೆದ ನಂತರ ವಸಡಿನ ಮೇಲೆ, ಹಲ್ಲಿನ ಸುತ್ತಲೂ, ಸುಮಾರು 2 ಮಿಲಿಮೀಟರ್ ಎತ್ತರದ ಗಟ್ಟಿ ಗೋಡೆ ಉಳಿದರೆ ಕ್ಯಾಪ್ ಅದನ್ನು ಪೀಪಾಯಿಯ ಸುತ್ತಿನ ಕಬ್ಬಿಣದ ಪಟ್ಟಿಯಂತೆ ಬಿಗಿಯಾಗಿ ಹಿಡಿಯುತ್ತದೆ. ದಂತವೈದ್ಯರು ಇದನ್ನು ಫೆರೂಲ್ ಎನ್ನುತ್ತಾರೆ. ಅಷ್ಟು ಉಳಿಯದಿದ್ದರೆ ವಸಡನ್ನು ಕೆಳಗಿಳಿಸುವ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ಹಲ್ಲನ್ನೇ ನಿಧಾನವಾಗಿ ಮೇಲೆಳೆಯುವುದರಿಂದಲೋ ಗೋಡೆಯನ್ನು ಗಳಿಸಿಕೊಳ್ಳಬಹುದು. ಬೇರು ಉದ್ದಕ್ಕೂ ಸೀಳಿದ್ದರೆ, ಸುತ್ತಲಿನ ಮೂಳೆ ಬಹುಪಾಲು ಸವೆದು ಹಲ್ಲು ಅಲ್ಲಾಡುತ್ತಿದ್ದರೆ, ಕೀಳಿಸುವುದೇ ಪ್ರಾಮಾಣಿಕ ಸಲಹೆ. ಹಲ್ಲು ಉಳಿಸಿಕೊಳ್ಳುವುದರ ಪರವಾಗಿಯೇ ನಾನು ಬರೆಯುತ್ತಿದ್ದರೂ, ಕಟ್ಟಲಾಗದ ಹಲ್ಲಿನ ಬೇರನ್ನು ಶುಚಿಗೊಳಿಸುವುದರಲ್ಲಿ ಅರ್ಥವಿಲ್ಲ ಎಂದು ಹೇಳಲೇಬೇಕು.

ಇದೇ ಭೇಟಿಯಲ್ಲಿ ನಿಮ್ಮ ಆರೋಗ್ಯದ ವಿವರ ಕೊಡಿ: ಮಧುಮೇಹ, ಹೃದಯದ ಕೃತಕ ಕವಾಟ, ಔಷಧದ ಅಲರ್ಜಿ, ಗರ್ಭಧಾರಣೆ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆಸವೆತಕ್ಕೆ ಬಿಸ್ಫಾಸ್ಫೊನೇಟ್ ಗುಂಪಿನ ಔಷಧ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ಮಾಯದಿರುವ ಅಪಾಯವಿರುವುದರಿಂದ, ಸಾಧ್ಯವಿರುವಲ್ಲೆಲ್ಲ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸುವುದೇ ಮೇಲು.

ನಾಲ್ಕನೆಯ ಹೆಜ್ಜೆ: ಕುರ್ಚಿಯ ಮೇಲೆ

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಒತ್ತಿದಂತಾಗುತ್ತದೆ, ಆದರೆ ನೋಯಬಾರದು. ತೀವ್ರ ಉರಿಯೂತವಿರುವ ಕೆಳದವಡೆ ಹಲ್ಲು ಮಾತ್ರ ಒಂದೇ ಇಂಜೆಕ್ಷನ್‌ಗೆ ಪೂರ್ತಿ ಮಣಿಯದಿರಬಹುದು. ನೋವಾದರೆ ಕೈಯೆತ್ತಿ ತಿಳಿಸಿ, ಹಲ್ಲಿನ ಪಕ್ಕದಲ್ಲಿ ಇನ್ನೊಂದು ಇಂಜೆಕ್ಷನ್ ಕೊಟ್ಟು ಮುಂದುವರಿಯಲು ಬರುತ್ತದೆ. ಹಲ್ಲು ಕಚ್ಚಿ ಸಹಿಸಿಕೊಳ್ಳುವುದು ಇಲ್ಲಿ ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ.

ನಂತರ ಚಿಕಿತ್ಸೆಯ ಹಲ್ಲು ಮಾತ್ರ ಹೊರಗೆ ಕಾಣುವಂತೆ ರಬ್ಬರ್ ಹಾಳೆಯೊಂದನ್ನು ಕ್ಲಾಂಪ್‌ನಿಂದ ಬಿಗಿಯುತ್ತಾರೆ. 1864ರಲ್ಲಿ ಸ್ಯಾನ್‌ಫೋರ್ಡ್ ಬಾರ್ನಮ್ ಎಂಬ ದಂತವೈದ್ಯರು ಬಳಕೆಗೆ ತಂದ ಈ ರಬ್ಬರ್ ಡ್ಯಾಂ, ಎಂಜಲಿನಲ್ಲಿರುವ ಸೂಕ್ಷ್ಮಾಣುಗಳು ತೆರೆದ ಬೇರಿಗೆ ಇಳಿಯದಂತೆಯೂ ಸೂಜಿಯಂತಹ ಉಪಕರಣಗಳು ಮತ್ತು ದ್ರಾವಣಗಳು ಗಂಟಲಿಗೆ ಜಾರದಂತೆಯೂ ತಡೆಯುತ್ತದೆ. ಸಮಯ ಉಳಿಸಲು ಇದನ್ನು ಬಿಟ್ಟು ಕೆಲಸ ಮಾಡುವುದು ಹಲವೆಡೆ ನಡೆಯುತ್ತದೆ. ಚಿಕಿತ್ಸೆಗೆ ಮುನ್ನ ರೋಗಿ ಒಂದೇ ಒಂದು ತಾಂತ್ರಿಕ ಪ್ರಶ್ನೆ ಕೇಳಬಹುದಾದರೆ ಅದು "ರಬ್ಬರ್ ಡ್ಯಾಂ ಹಾಕುತ್ತೀರಾ" ಎಂಬುದಾಗಿರಲಿ ಎಂಬುದು ನನ್ನ ಅಭಿಪ್ರಾಯ.

ಹಲ್ಲಿನ ಮೇಲ್ಭಾಗದಲ್ಲಿ ರಂಧ್ರ ಮಾಡಿ, ತಿರುಳನ್ನು ತೆಗೆದು, ಕಾಲುವೆಗಳ ಬಾಯಿ ಹುಡುಕುತ್ತಾರೆ. ಮೇಲಿನ ಮುಂಭಾಗದ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಕಾಲುವೆ. ಕೆಳಗಿನ ದವಡೆ ಹಲ್ಲಿಗೆ, ಅಂದರೆ ಹಿಂಭಾಗದ ಅಗಿಯುವ ಹಲ್ಲಿಗೆ, ಮೂರು ಅಥವಾ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಮೂರರ ಜೊತೆಗೆ ಕಣ್ಣು ತಪ್ಪಿಸಿಕೊಳ್ಳುವ ನಾಲ್ಕನೆಯದೊಂದು ಬಹಳಷ್ಟು ಸಲ ಇರುತ್ತದೆ. ಅದನ್ನು ಕಾಣದೆ ಬಿಟ್ಟರೆ ಮುಂದೆ ಸೋಂಕು ಮರುಕಳಿಸುವುದು ಅಲ್ಲಿಂದಲೇ. ಕಷ್ಟದ ಹಲ್ಲುಗಳಿಗೆ ಸೂಕ್ಷ್ಮದರ್ಶಕ ಬಳಸುವ ರೂಟ್ ಕೆನಾಲ್ ತಜ್ಞರು, ಅಂದರೆ ಎಂಡೊಡಾಂಟಿಸ್ಟ್, ಬೇಕಾಗುವುದು ಈ ಕಾರಣಕ್ಕೆ.

ಕಾಲುವೆಯ ಉದ್ದವನ್ನು ಎಕ್ಸ್‌ರೇ ಮತ್ತು ಅಪೆಕ್ಸ್ ಲೊಕೇಟರ್ ಎಂಬ ವಿದ್ಯುತ್ ಸಾಧನದಿಂದ ಅಳೆದು, ಬೇರಿನ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆಯೇ ಕೆಲಸ ನಿಲ್ಲಿಸುತ್ತಾರೆ. ಉಜ್ಜಿ ಅಗಲಿಸುವ ಉಪಕರಣಕ್ಕೆ ಫೈಲ್ ಎಂದು ಹೆಸರು. 1838ರಲ್ಲಿ ಮೇನಾರ್ಡ್ ಎಂಬುವರು ಗಡಿಯಾರದ ಸ್ಪ್ರಿಂಗನ್ನು ಅರೆದು ಇಂತಹ ಮೊದಲ ಉಪಕರಣ ಮಾಡಿದರೆಂದು ಹೇಳಲಾಗುತ್ತದೆ; ಈಗಿನವು ನಿಕಲ್ ಮತ್ತು ಟೈಟೇನಿಯಂ ಮಿಶ್ರಲೋಹದವು, ಬಾಗಿದ ಬೇರಿನಲ್ಲೂ ಬಾಗಿಕೊಂಡೇ ತಿರುಗುತ್ತವೆ. ಆದರೂ ಫೈಲ್ ತಲುಪದ ಸಂದುಗಳು ಪ್ರತಿ ಬೇರಿನಲ್ಲೂ ಉಳಿಯುತ್ತವೆ. ಅಲ್ಲಿನ ಕೊಳೆಯನ್ನು ಕರಗಿಸುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಬಟ್ಟೆ ಬಿಳುಪಿಸುವ ಬ್ಲೀಚ್‌ನಲ್ಲಿರುವ ಅದೇ ರಾಸಾಯನಿಕ. ಚಿಕಿತ್ಸೆಯ ನಡುವೆ ಬರುವ ಈಜುಕೊಳದಂತಹ ವಾಸನೆ ಅದರದ್ದೇ.

ಶುಚಿಯಾಗಿ ಒಣಗಿದ ಕಾಲುವೆಯನ್ನು ಗಟ್ಟಾಪರ್ಚಾ ಎಂಬ ವಸ್ತುವಿನಿಂದ, ಸೀಲರ್ ಸಿಮೆಂಟ್ ಜೊತೆಗೆ, ತುಂಬುತ್ತಾರೆ. ಆಗ್ನೇಯ ಏಷ್ಯಾದ ಕಾಡುಮರಗಳ ಹಾಲಿನಿಂದ ಬರುವ ಈ ರಬ್ಬರಿನಂತಹ ವಸ್ತುವನ್ನು ಬೇರು ತುಂಬಲು ಬಳಸುವ ಪದ್ಧತಿ 1867ರಷ್ಟು ಹಳೆಯದು. ಒಂದೇ ಭೇಟಿಯಲ್ಲಿ ಎಲ್ಲ ಮುಗಿಸುವುದೋ ಎರಡರಲ್ಲೋ ಎಂಬುದರಿಂದ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಕೀವು ಸೋರುತ್ತಿದ್ದರೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧವಿಟ್ಟು ಮುಚ್ಚಿ, ಒಂದೆರಡು ವಾರ ಬಿಟ್ಟು ಮುಗಿಸುವುದು ವಾಡಿಕೆ.

ಐದನೆಯ ಹೆಜ್ಜೆ: ಭೇಟಿಗಳ ನಡುವೆ

ಎರಡು ಮೂರು ದಿನ ಕಚ್ಚಿದಾಗ ನೋವಿರುವುದು ಸಹಜ. ಆ ಬದಿಯಲ್ಲಿ ಅಗಿಯಬೇಡಿ, ಆದರೆ ಹಲ್ಲುಜ್ಜುವುದನ್ನು ಬಿಡಬೇಡಿ. ನೋವು ಇಳಿಯುವ ಬದಲು ಏರಿದರೆ, ಊತ ಬಂದರೆ ದೂರವಾಣಿ ಮಾಡಿ. ತಾತ್ಕಾಲಿಕ ಸಿಮೆಂಟ್ ಉದುರಿದರೆ ನೋವಿಲ್ಲದಿದ್ದರೂ ಒಂದೆರಡು ದಿನದೊಳಗೆ ಮತ್ತೆ ಹಾಕಿಸಿಕೊಳ್ಳಿ. ಅದು ಕೆಲವು ವಾರಗಳಿಗಾಗಿ ಇರುವ ಮುಚ್ಚಳ. ತಿಂಗಳುಗಟ್ಟಲೆ ಬಿಟ್ಟರೆ ಸವೆದು, ಎಂಜಲು ಒಳಗಿಳಿದು, ಅಷ್ಟು ಶ್ರಮದಿಂದ ಶುಚಿಗೊಳಿಸಿದ ಕಾಲುವೆ ಮತ್ತೆ ಮಲಿನವಾಗುತ್ತದೆ.

ಆರನೆಯ ಹೆಜ್ಜೆ: ಹಲ್ಲನ್ನು ಮತ್ತೆ ಕಟ್ಟುವುದು

ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೆಡಸಾಗುತ್ತದೆ, ಆದ್ದರಿಂದ ಒಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜವಾದ ಕಾರಣ ಸರಳವಾದದ್ದು: ಹುಳುಕು ಒಂದಷ್ಟು ತಿಂದಿದೆ, ಹಿಂದಿನ ಸಿಮೆಂಟ್ ಇನ್ನೊಂದಷ್ಟು ಜಾಗ ಹಿಡಿದಿದೆ, ಒಳಹೋಗಲು ಮಾಡಿದ ರಂಧ್ರ ಮಧ್ಯದ ಛಾವಣಿಯನ್ನೇ ತೆಗೆದಿದೆ. ತೊಲೆಯಿಲ್ಲದ ಮನೆಯ ಗೋಡೆಗಳಂತೆ ಉಳಿದ ಭಾಗಗಳು ಪ್ರತಿ ಬಾರಿ ಅಗಿಯುವಾಗಲೂ ತುಸು ಹೊರಬಾಗುತ್ತವೆ. ಅಕ್ವಿಲಿನೊ ಮತ್ತು ಕ್ಯಾಪ್ಲನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಟ್ ಕೆನಾಲ್ ನಂತರ ಕ್ಯಾಪ್ ಹಾಕದ ಹಲ್ಲುಗಳು ಕ್ಯಾಪ್ ಹಾಕಿದವುಗಳಿಗಿಂತ ಆರು ಪಟ್ಟು ಹೆಚ್ಚು ದರದಲ್ಲಿ ನಷ್ಟವಾಗಿದ್ದವು.

ಆದರೂ ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದಿಲ್ಲ. ಮುಂಭಾಗದ ಹಲ್ಲಿನಲ್ಲಿ ಒಳಹೋದ ರಂಧ್ರವಷ್ಟೇ ನಷ್ಟವಾಗಿದ್ದರೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ವಸ್ತುವನ್ನು ತುಂಬಿಸಿದರೆ ಸಾಕು. ಬಣ್ಣ ಕಪ್ಪಾಗಿದ್ದರೆ ಒಳಗಿನಿಂದಲೇ ಬಿಳುಪಿಸಲು ಬರುತ್ತದೆ. ಅಗಿಯುವ ಭಾರ ಹೊರುವ ದವಡೆ ಹಲ್ಲು ಮತ್ತು ಅದರ ಮುಂದಿನ ಪ್ರೀಮೋಲಾರ್‌ಗಳ ಮಾತು ಬೇರೆ. ಅವುಗಳ ಶಿಖರಗಳನ್ನು ಮೇಲಿನಿಂದ ಹಿಡಿದಿಡುವ ಹೊದಿಕೆ ಬೇಕು, ಪೂರ್ಣ ಕ್ಯಾಪ್ ಆದರೂ ಸರಿ, ಉಳಿದ ಭಾಗ ಗಟ್ಟಿಯಾಗಿದ್ದರೆ ಆನ್‌ಲೇ ಎಂಬ ಅರೆಹೊದಿಕೆಯಾದರೂ ಸರಿ.

ಮೊದಲು ಕಳೆದುಹೋದ ಭಾಗವನ್ನು ಕಾಂಪೊಸಿಟ್‌ನಿಂದ ತುಂಬಿ ಕ್ಯಾಪ್‌ಗೆ ಗಟ್ಟಿ ಬುನಾದಿ ಕಟ್ಟುತ್ತಾರೆ. ಅದು ನಿಲ್ಲಲು ಗೋಡೆಗಳೇ ಸಾಲದಿದ್ದಾಗ ಬೇರಿನೊಳಗೆ ಫೈಬರ್ ಅಥವಾ ಲೋಹದ ಪೋಸ್ಟ್, ಅಂದರೆ ಸಣ್ಣ ಕಡ್ಡಿ, ಇಡುತ್ತಾರೆ. ಪೋಸ್ಟ್‌ನಿಂದ ಹಲ್ಲು ಬಲಗೊಳ್ಳುತ್ತದೆ ಎಂದು ರೋಗಿಗಳು ಭಾವಿಸುತ್ತಾರೆ. ಅದರ ಕೆಲಸ ಮೇಲಿನ ಬುನಾದಿಯನ್ನು ಹಿಡಿದುಕೊಳ್ಳುವುದಷ್ಟೇ, ಜಾಗ ಮಾಡಲು ಬೇರನ್ನು ಹೆಚ್ಚು ಕೊರೆದರೆ ಬೇರು ದುರ್ಬಲವೇ ಆಗುತ್ತದೆ. ಆದ್ದರಿಂದ ಅಗತ್ಯವಿಲ್ಲದಲ್ಲಿ ಪೋಸ್ಟ್ ಇಲ್ಲದಿರುವುದೇ ಒಳ್ಳೆಯದು.

ಕ್ಯಾಪ್‌ಗಾಗಿ ಹಲ್ಲನ್ನು ಸುತ್ತಲೂ ಒಂದರಿಂದ ಎರಡು ಮಿಲಿಮೀಟರ್ ತೆಳುಗೊಳಿಸಿ, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಕೊಡುತ್ತಾರೆ. ಪೂರ್ಣ ಲೋಹದ ಕ್ಯಾಪ್‌ಗೆ ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು, ಬಾಳಿಕೆಯೂ ಹೆಚ್ಚು, ಆದರೆ ಹಲ್ಲಿನ ಬಣ್ಣದ್ದಲ್ಲ. ಲೋಹದ ಮೇಲೆ ಪಿಂಗಾಣಿ ಹಾಕಿದ್ದರಲ್ಲಿ ಪಿಂಗಾಣಿ ಚಕ್ಕೆ ಏಳುವುದುಂಟು. ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್ ದವಡೆ ಹಲ್ಲಿನ ಭಾರಕ್ಕೆ ಒಗ್ಗುತ್ತದೆ; ಮುಂಭಾಗದಲ್ಲಿ ಬೆಳಕು ಹಾಯುವ ಗಾಜಿನಂತಹ ಸೆರಾಮಿಕ್‌ಗಳು ಹೆಚ್ಚು ಸಹಜವಾಗಿ ಕಾಣುತ್ತವೆ. ಯಾವುದನ್ನು ಆರಿಸಿದರೂ, ವಸ್ತುವಿನ ಹೆಸರಿಗಿಂತ ಅಂಚು ಹಲ್ಲಿಗೆ ಎಷ್ಟು ಬಿಗಿಯಾಗಿ ಕೂತಿದೆ ಎಂಬುದೇ ಹೆಚ್ಚು ಮುಖ್ಯ. ಶಾಶ್ವತವಾಗಿ ಅಂಟಿಸುವ ಮೊದಲು ಕನ್ನಡಿಯಲ್ಲಿ ನೋಡಿ, ಕಚ್ಚಿ ನೋಡಿ, ಹಲ್ಲುಗಳ ನಡುವೆ ಫ್ಲಾಸ್ ದಾರ ಬಿಗಿಯಾಗಿ ಹಾಯುತ್ತದೆಯೇ ಎಂದು ಕೇಳಿ. ಮೊದಲು ಆ ಹಲ್ಲೇ ತಾಗುತ್ತಿದ್ದರೆ ಸಂಕೋಚಪಡದೆ ಹೇಳಬೇಕು. ಕೂದಲೆಳೆಯಷ್ಟು ಎತ್ತರವೂ ವಾರಗಟ್ಟಲೆ ನೋವು ಕೊಡಬಲ್ಲದು. ಬೇರು ತುಂಬಿದ ದಿನದಿಂದ ಕೆಲವೇ ವಾರಗಳೊಳಗೆ ಈ ಹಂತ ಮುಗಿಯುವಂತೆ ಮೊದಲ ಭೇಟಿಯಲ್ಲೇ ದಿನಾಂಕ ಗೊತ್ತುಮಾಡಿಕೊಂಡರೆ ಮುಂದೂಡುವ ಪ್ರಸಂಗವೇ ಬರುವುದಿಲ್ಲ.

ಏಳನೆಯ ಹೆಜ್ಜೆ: ನಂತರದ ವರ್ಷಗಳು

ಕ್ಯಾಪ್‌ಗೆ ಹುಳುಕು ಹತ್ತುವುದಿಲ್ಲ, ಅದರ ಅಂಚಿನ ಕೆಳಗಿನ ಹಲ್ಲಿಗೆ ಹತ್ತುತ್ತದೆ. ಅಲ್ಲಿ ನರವಿಲ್ಲದ ಕಾರಣ ನೋವಿನ ಎಚ್ಚರಿಕೆಯೂ ಬರುವುದಿಲ್ಲ. ಫ್ಲೋರೈಡ್ ಪೇಸ್ಟ್‌ನಿಂದ ದಿನಕ್ಕೆ ಎರಡು ಬಾರಿ ಅಂಚಿನವರೆಗೂ ಉಜ್ಜುವುದು, ಸಂದುಗಳನ್ನು ದಾರದಿಂದ ಶುಚಿಗೊಳಿಸುವುದು ಉಳಿದ ಹಲ್ಲುಗಳಿಗಿಂತ ಇದಕ್ಕೆ ಹೆಚ್ಚು ಅಗತ್ಯ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮಲಗುವಾಗ ಹಲ್ಲುಗಳ ಮೇಲೆ ಹಾಕಿಕೊಳ್ಳುವ ರಕ್ಷಾಕವಚ, ಅಂದರೆ ನೈಟ್ ಗಾರ್ಡ್, ಮಾಡಿಸಿಕೊಳ್ಳಿ.

ಸೋಂಕು ಮರುಕಳಿಸಿದರೆ ಕೀಳಿಸುವುದೊಂದೇ ದಾರಿಯಲ್ಲ. ಹಳೆಯ ಗಟ್ಟಾಪರ್ಚಾ ತೆಗೆದು ಮರುಚಿಕಿತ್ಸೆ ಮಾಡಬಹುದು. ಅದು ಸಾಧ್ಯವಾಗದಿದ್ದರೆ ವಸಡನ್ನು ತೆರೆದು ಬೇರಿನ ತುದಿಯ ಸುಮಾರು 3 ಮಿಲಿಮೀಟರ್ ಕತ್ತರಿಸಿ, ಕಾಲುವೆಯನ್ನು ಆ ತುದಿಯ ಕಡೆಯಿಂದ ಮುಚ್ಚುವ ಶಸ್ತ್ರಚಿಕಿತ್ಸೆಯಿದೆ. ಕಿತ್ತ ಹಲ್ಲಿನ ಜಾಗದಲ್ಲಿ ಕೂರಿಸುವ ಕೃತಕ ಹಲ್ಲುಗಳಾದ ಇಂಪ್ಲಾಂಟ್ ಮತ್ತು ಬ್ರಿಡ್ಜ್‌ಗಳು ಒಳ್ಳೆಯ ಸಾಧನಗಳೇ ಆದರೂ, ಕಟ್ಟಲು ಬರುವ ಸ್ವಂತ ಬೇರು ಇರುವಾಗ ಅವುಗಳಿಗೆ ಆತುರಪಡಬೇಕಾಗಿಲ್ಲ.

ಬೇರಿನ ತುದಿಯಲ್ಲಿ ಕರಗಿದ್ದ ಮೂಳೆ ಮತ್ತೆ ತುಂಬಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷ, ದೊಡ್ಡ ಗಾಯವಾಗಿದ್ದರೆ ನಾಲ್ಕು ವರ್ಷದವರೆಗೂ ಹಿಡಿಯಬಹುದು. ಹಾಗಾಗಿ ಚಿಕಿತ್ಸೆಗೆ ಮುನ್ನ ತೆಗೆದ ಮತ್ತು ಬೇರು ತುಂಬಿದ ದಿನ ತೆಗೆದ ಎಕ್ಸ್‌ರೇಗಳ ಪ್ರತಿಯನ್ನು ಕೇಳಿ ಪಡೆದು ದಿನಾಂಕ ಬರೆದಿಟ್ಟುಕೊಳ್ಳಿ. ಒಂದು ವರ್ಷದ ನಂತರ, ಹಲ್ಲು ಸ್ವಲ್ಪವೂ ನೋಯದಿದ್ದರೂ, ಹೊಸದೊಂದು ಎಕ್ಸ್‌ರೇ ತೆಗೆಸಿ ಅವುಗಳ ಪಕ್ಕದಲ್ಲಿಟ್ಟು ತೋರಿಸುವಂತೆ ವೈದ್ಯರನ್ನು ಕೇಳಿ. ಕಪ್ಪು ನೆರಳು ಕುಗ್ಗುತ್ತಿದ್ದರೆ ಹಲ್ಲು ಮಾಯುತ್ತಿದೆ. ಹಾಗೆಯೇ ಇದ್ದರೆ ಅಥವಾ ಬೆಳೆದಿದ್ದರೆ, ನೋವು ಬರುವುದಕ್ಕೂ ಮೊದಲೇ ಮುಂದಿನ ಕ್ರಮವನ್ನು ತೀರ್ಮಾನಿಸಲು ನಿಮ್ಮ ಕೈಯಲ್ಲಿ ಸಮಯವಿರುತ್ತದೆ.